ಹಳೇ ಬೈಕಿನ ಮೀಟರ್ ನಿಂತೋಗಿದ್ಯಾ? ಹೊಸ ಮೀಟರ್ ತರೋಕೆ ಮುಂಚೆ ಕೇಬಲ್ ಬಿಚ್ಚಿ ನೋಡಿ

ನಮ್ಮ ತುಮಕೂರು ಕಡೆ ಇವತ್ತಿಗೂ ಹದಿನೈದು ಇಪ್ಪತ್ತು ವರ್ಷದ ಸ್ಪ್ಲೆಂಡರ್ರು, ಇನ್ನೂ ಹಳೇ ಸಿಡಿ ಹಂಡ್ರೆಡ್ಡು, ಅಲ್ಲೊಂದು ಇಲ್ಲೊಂದು ಆರ್‌ಎಕ್ಸ್ ಹಂಡ್ರೆಡ್ಡು, ಬುಲೆಟ್ಟು ಎಲ್ಲಾ ಆರಾಮಾಗಿ ಓಡಾಡ್ತಿವೆ. ಇಂಜಿನ್ ಗಟ್ಟಿಯಾಗಿರುತ್ತೆ, ಮೈಲೇಜೂ ಪರ್ವಾಗಿಲ್ಲ, ಆದ್ರೆ ಎಷ್ಟೋ ಗಾಡೀಲಿ ಮೀಟರ್ ಮುಳ್ಳು ಮಾತ್ರ ಸೊನ್ನೇಲೇ ಮಲಗಿರುತ್ತೆ. ಕೇಳಿದ್ರೆ "ಅದು ಯಾವಾಗ್ಲೋ ಹೋಯ್ತು ಬಿಡಿ, ಗಾಡಿ ಓಡ್ತೈತಲ್ಲ" ಅಂತಾರೆ. ಇನ್ನು ಕೆಲವರು ಮೆಕ್ಯಾನಿಕ್ ಹತ್ರ ಹೋದ ತಕ್ಷಣ "ಮೀಟ್ರು ಹೋಗೈತಣ್ಣ, ಹೊಸದೇ ಹಾಕ್ಬೇಕು" ಅಂದ್ರೆ ಒಪ್ಕೊಂಡು ದುಡ್ಡು ಕೊಟ್ಟು ಬರ್ತಾರೆ, ಆಮೇಲೆ ಹೊಸ ಮೀಟರ್ ಹಾಕಿದ್ರೂ ಮುಳ್ಳು ಏಳಲ್ಲ, ಯಾಕಂದ್ರೆ ತೊಂದ್ರೆ ಇದ್ದಿದ್ದು ಮೀಟರಲ್ಲಿ ಅಲ್ವೇ ಅಲ್ಲ.

ಮುಳ್ಳಿರೋ ಮೀಟರ್ ಕೆಲಸ ನಿಲ್ಸಿದೆ ಅಂದ್ರೆ ಬಹಳಷ್ಟು ಸಲ ತಪ್ಪು ಚಕ್ರಕ್ಕೂ ಮೀಟರ್‌ಗೂ ನಡುವೆ ಎಲ್ಲೋ ಇರುತ್ತೆ, ಕೇಬಲ್ಲೋ, ಕೆಳಗಿನ ಗೇರೋ, ಇಲ್ಲಾ ಚಕ್ರ ಬಿಚ್ಚಿ ಹಾಕಿದವ್ರು ಸರಿಯಾಗಿ ಕೂರಿಸದೇ ಇರೋದೋ. ಆ ದಾರೀನ ಒಂದೊಂದೇ ಚೆಕ್ ಮಾಡ್ಕೊಂಡು ಬಂದು ಮೀಟರ್‌ನ ಕೊನೇಲಿ ಮುಟ್ಟಬೇಕು. ಇಷ್ಟಕ್ಕೆ ದೊಡ್ಡ ಟೂಲ್ ಕಿಟ್ ಏನೂ ಬೇಡ, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಒಂದೆರಡು ಸ್ಪ್ಯಾನರ್, ಹಳೇ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಸ್ವಲ್ಪ ಗ್ರೀಸು.

ಮೊದ್ಲು ಇದು ಹೇಗೆ ಕೆಲಸ ಮಾಡುತ್ತೆ ಅಂತ ಒಂದು ನಿಮಿಷ ತಿಳ್ಕೊಂಡ್ರೆ ಮುಂದಿನದೆಲ್ಲಾ ಸುಲಭ. ಮುಂದಿನ ಚಕ್ರದ ಹಬ್ ಹತ್ರ ಒಂದು ಚಿಕ್ಕ ಗೇರ್ ಇರುತ್ತೆ, ಸ್ಪೇರ್ಸ್ ಅಂಗಡೀಲಿ ಮೀಟರ್ ಪಿನಿಯನ್ ಅಂತಲೋ ಮೀಟರ್ ವರ್ಮ್ ಅಂತಲೋ ಕೇಳಿದ್ರೆ ಕೊಡ್ತಾರೆ. ಚಕ್ರ ತಿರುಗಿದ್ರೆ ಅದು ತಿರುಗುತ್ತೆ, ಅದು ಕೇಬಲ್ ಒಳಗಿನ ಇನ್ನರ್ ಅನ್ನೋ ತಂತೀನ ತಿರುಗಿಸುತ್ತೆ, ಇನ್ನರ್ ಹೋಗಿ ಮೀಟರ್ ಒಳಗಿರೋ ಒಂದು ಮ್ಯಾಗ್ನೆಟ್ಟನ್ನ ತಿರುಗಿಸುತ್ತೆ. ಮ್ಯಾಗ್ನೆಟ್ಟಿನ ಸುತ್ತ ಅಲ್ಯೂಮಿನಿಯಂ ಬಟ್ಟಲು ಇರುತ್ತೆ, ಎರಡೂ ಒಂದಕ್ಕೊಂದು ತಾಗಲ್ಲ, ಆದ್ರೂ ಮ್ಯಾಗ್ನೆಟ್ ಜೋರಾಗಿ ತಿರುಗಿದಷ್ಟೂ ಬಟ್ಟಲನ್ನ ತನ್ನ ಜೊತೆ ತಿರುಗೋ ಹಂಗೆ ಎಳೆಯುತ್ತೆ. ಮುಳ್ಳು ಇರೋದು ಆ ಬಟ್ಟಲಿನ ಕಡ್ಡಿ ಮೇಲೆ, ಅದನ್ನ ವಾಪಸ್ ಎಳೆಯೋಕೆ ಕೂದಲಿನಷ್ಟು ತೆಳ್ಳಗಿರೋ ಒಂದು ಸ್ಪ್ರಿಂಗ್ ಇರುತ್ತೆ. ಇದು ಹೊಸ ವಿದ್ಯೆ ಏನಲ್ಲ, ಒಟ್ಟೋ ಶುಲ್ಜೆ ಅನ್ನೋ ಜರ್ಮನ್ ಎಂಜಿನಿಯರ್ 1902ರಲ್ಲೇ ಪೇಟೆಂಟ್ ತಗೊಂಡಿದ್ದು. ಇನ್ನು ಕಿಲೋಮೀಟರ್ ತೋರ್ಸೋ ನಂಬರ್ ಚಕ್ರಗಳಿವೆಯಲ್ಲ, ಅದಕ್ಕೆ ಮ್ಯಾಗ್ನೆಟ್ ಗಿಗ್ನೆಟ್ ಏನೂ ಬೇಡ, ಮ್ಯಾಗ್ನೆಟ್ ಕೂತಿರೋ ಸ್ಪಿಂಡಲ್ಲಿಂದ, ಅಂದ್ರೆ ತಿರುಗೋ ಕಂಬಿಯಿಂದ, ಹಲ್ಲಿನ ಗೇರಲ್ಲಿ ನೇರವಾಗಿ ಓಡುತ್ತೆ.

ಮುಳ್ಳು ಮ್ಯಾಗ್ನೆಟ್ಟಿಂದ, ಕಿಲೋಮೀಟರ್ ಗೇರಿಂದ, ಆದ್ರೆ ಎರಡಕ್ಕೂ ಕೇಬಲ್ ಒಂದೇ. ಈ ಒಂದು ಮಾತು ನೆನಪಲ್ಲಿದ್ರೆ ಗಾಡಿ ಬಿಚ್ಚೋಕೆ ಮುಂಚೇನೇ ಅರ್ಧ ಉತ್ತರ ಸಿಕ್ಕಂಗೆ. ಈಗಿನ ಕಿಲೋಮೀಟರ್ ರೀಡಿಂಗ್ ಫೋನಲ್ಲಿ ಫೋಟೋ ತಗೊಳ್ಳಿ, ಬಟವಾಡಿಯಿಂದ ಗುಬ್ಬಿ ಗೇಟ್‌ವರೆಗೆ ಒಂದು ರೌಂಡ್ ಹೋಗಿ ಬನ್ನಿ, ಮತ್ತೆ ನೋಡಿ. ಮುಳ್ಳೂ ಸತ್ತಿದೆ, ನಂಬರೂ ಕದಲಿಲ್ಲ ಅಂದ್ರೆ ಮೀಟರ್ ಮೇಲೆ ಅನುಮಾನ ಪಡೋದೇ ಬೇಡ, ಕೇಬಲ್ ಅಥವಾ ಕೆಳಗಿನ ಗೇರ್. ನಂಬರ್ ಓಡ್ತಿದೆ ಮುಳ್ಳು ಮಾತ್ರ ಏಳ್ತಿಲ್ಲ ಅಂದ್ರೆ ಕೇಬಲ್ ಚೆನ್ನಾಗಿದೆ, ಮೀಟರ್ ಒಳಗೆ ಸ್ಪ್ರಿಂಗೋ ಮುಳ್ಳೋ ಕೈ ಕೊಟ್ಟಿದೆ. ಮುಳ್ಳು ಸರಿಯಾಗಿದೆ ನಂಬರ್ ನಿಂತಿದೆ ಅಂದ್ರೆ ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಹೋಗಿದೆ ಇಲ್ಲಾ ಕಡ್ಡಿ ಮೇಲೆ ಜಾರ್ತಿದೆ. ಮುಳ್ಳು ಇಪ್ಪತ್ತು ನಲವತ್ತರ ಮಧ್ಯೆ ಕುಣೀತಾ ಇದ್ರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚ್ಕೊಂಡಿದೆ. ಗಾಡಿ ಹೊರಟ ತಕ್ಷಣ ಮುಳ್ಳು ಹೋಗಿ ಕೊನೇ ನಂಬರಿಗೆ ಹೊಡ್ಕೊಂಡು ಅಲ್ಲೇ ನಿಂತ್ರೆ ಮ್ಯಾಗ್ನೆಟ್ಟಿಗೂ ಬಟ್ಟಲಿಗೂ ನಡುವೆ ಗ್ರೀಸು ಎಣ್ಣೆ ಸೇರಿದೆ, ಅಥವಾ ಸ್ಪಿಂಡಲ್ ಕೂರೋ ಬುಷ್ ಸವೆದು ಎರಡೂ ತಾಗ್ತಿವೆ.

ಈಗ ಕೇಬಲ್ಲಿಗೆ ಬರೋಣ, ಹೆಚ್ಚಿನ ಕಥೆ ಇರೋದೇ ಇಲ್ಲಿ.

ಮೀಟರ್ ಕೆಳಗಡೆ ಕೇಬಲ್ ಸೇರೋ ಜಾಗದಲ್ಲಿ ಗೀರು ಗೀರು ಇರೋ ಒಂದು ರೌಂಡ್ ನಟ್ ಇರುತ್ತೆ. ಮೊದ್ಲು ಅದು ಲೂಸ್ ಇದ್ಯಾ ನೋಡಿ, ಎಷ್ಟೋ ಸಲ ಅಷ್ಟೇ ಸಮಸ್ಯೆ, ನಮ್ಮ ರೋಡಿನ ಗುಂಡಿಗೆ ಅಲ್ಲಾಡಿ ಅಲ್ಲಾಡಿ ತಾನೇ ಬಿಚ್ಕೊಂಡಿರುತ್ತೆ. ಕೈಯಲ್ಲೇ ತಿರುಗ್ಬೇಕು, ತಿರುಗ್ಲಿಲ್ಲ ಅಂದ್ರೆ ಬಟ್ಟೆ ಸುತ್ತಿ ಪ್ಲೇಯರಲ್ಲಿ ಮೆಲ್ಲಗೆ ಬಿಚ್ಚಿ, ಜೋರು ಮಾಡಿದ್ರೆ ಮೀಟರ್ ಕಡೆಯ ಥ್ರೆಡ್ ಹೋಗುತ್ತೆ, ಅದು ಹೋದ್ರೆ ಆಗ ನಿಜವಾಗ್ಲೂ ಹೊಸ ಮೀಟರೇ ಗತಿ. ಬಿಚ್ಚಿದ ಮೇಲೆ ಕೇಬಲ್ ಬಾಯಲ್ಲಿ ಇನ್ನರ್ ತುದಿ ಚೌಕಾಕಾರದಲ್ಲಿ ಕಾಣುತ್ತೆ. ಗಾಡೀನ ಡಬಲ್ ಸ್ಟ್ಯಾಂಡ್ ಹಾಕಿ, ಯಾರಾದ್ರೂ ಹಿಂದೆ ಕೂತು ಭಾರ ಹಾಕಿದ್ರೆ ಮುಂದಿನ ಚಕ್ರ ಏಳುತ್ತೆ, ಇಲ್ಲಾಂದ್ರೆ ಇಂಜಿನ್ ಕೆಳಗೆ ಇಟ್ಟಿಗೆ ಕೊಡಿ. ಚಕ್ರಾನ ಮುಂದಕ್ಕೆ ತಿರುಗಿಸಿ ಆ ಚೌಕದ ತುದಿ ಮೇಲೇ ಕಣ್ಣಿಟ್ಟಿರಿ. 1400 ಅಂತ ಮೀಟರ್ ಡಯಲ್ ಮೇಲೆ ಸಣ್ಣದಾಗಿ ಬರ್ದಿದ್ರೆ ಒಂದು ಕಿಲೋಮೀಟರಿಗೆ ಕೇಬಲ್ 1400 ಸುತ್ತು ತಿರುಗಬೇಕು ಅಂತ ಅರ್ಥ. ಸ್ಪ್ಲೆಂಡರ್ ತರದ 2.75-18 ಟೈರಿಗೆ ಲೆಕ್ಕ ಹಾಕಿದ್ರೆ ಚಕ್ರದ ಒಂದು ಸುತ್ತಿಗೆ ಕೇಬಲ್ ಎರಡೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತೆ. ಹಾಗಾಗಿ ನಿಧಾನಕ್ಕೆ ತಿರುಗಿಸಿದ್ರೂ ಕಣ್ಣಿಗೆ ಚೆನ್ನಾಗೇ ಕಾಣುತ್ತೆ.

ತುದಿ ತಿರುಗ್ತಿದೆ ಅಂದ್ರೆ ಸುಮ್ನೆ ಸಮಾಧಾನ ಮಾಡ್ಕೋಬೇಡಿ, ಎರಡು ಬೆರಳಲ್ಲಿ ಆ ತುದೀನ ಹಗುರವಾಗಿ ಹಿಡ್ಕೊಂಡು ಇನ್ನೊಬ್ಬರ ಕೈಲಿ ಚಕ್ರ ತಿರುಗಿಸಿ. ಬೆರಳಿಗೆ ಒತ್ತಿ ತಿರುಗಿದ್ರೆ ಓಕೆ. ಹಿಡಿದ ತಕ್ಷಣ ನಿಂತುಹೋದ್ರೆ ಕೆಳಗೆ ಎಲ್ಲೋ ಜಾರ್ತಿದೆ. ತಿರುಗ್ಲೇ ಇಲ್ಲ ಅಂದ್ರೆ ಇನ್ನರ್‌ನ ಪ್ಲೇಯರಲ್ಲಿ ಹಿಡಿದು ಮೇಲಕ್ಕೆ ಎಳೀರಿ, ಕೆಲವು ಕೇಬಲ್ಲಲ್ಲಿ ಮೇಲಿಂದ ಬರಲ್ಲ, ಕೆಳಗಡೆಯಿಂದ ಬಿಚ್ಚಿ ಎಳೀಬೇಕು. ಕೆಳಗಿನ ತುದಿ ಕೆಲವು ಗಾಡೀಲಿ ಒಂದು ಸಣ್ಣ ಸ್ಕ್ರೂನಲ್ಲಿ, ಕೆಲವು ಗಾಡೀಲಿ ನಟ್ಟಲ್ಲಿ ಅಥವಾ ಕ್ಲಿಪ್ಪಲ್ಲಿ ಕೂತಿರುತ್ತೆ. ಹೊರಗೆ ಬಂದಿದ್ದು ಗೇಣುದ್ದ ತುಂಡು ಮಾತ್ರ ಅಂದ್ರೆ ಮಧ್ಯದಲ್ಲಿ ತುಂಡಾಗಿದೆ, ಉಳಿದ ಅರ್ಧ ಇನ್ನೊಂದು ಕಡೆ ಇರುತ್ತೆ, ಅದನ್ನೂ ತೆಗೀರಿ.

ಪೂರ್ತಿ ಬಂದ್ರೆ ಎರಡೂ ತುದಿಯ ಚೌಕ ನೋಡಿ. ಮೂಲೆಗಳು ಚೂಪಾಗಿರಬೇಕು, ಸವೆದು ಗುಂಡಗಾಗಿದ್ರೆ ತೂತಿನ ಒಳಗೇ ಜಾರುತ್ತೆ, ಅಂತದ್ದೇ ಐವತ್ತರಲ್ಲಿ ಕೆಲಸ ಮಾಡಿ ಅರವತ್ತರಲ್ಲಿ ಬಿದ್ದುಹೋಗೋ ಕೇಸು. ಇನ್ನು ಇನ್ನರ್‌ನ ಟೇಬಲ್ ಮೇಲೆ ನೇರವಾಗಿ ಇಟ್ಟು ಕೈಯಲ್ಲಿ ಉರುಳಿಸಿ, ಎಲ್ಲಾದ್ರೂ ಒಂದು ಕಡೆ ಟಕ್ ಅಂತ ಎಗರಿದ್ರೆ ಆ ಜಾಗದಲ್ಲಿ ಸೊಟ್ಟಗಾಗಿದೆ. ಮುಳ್ಳು ಕುಣಿಯೋದಕ್ಕೆ ಆ ಸೊಟ್ಟವೇ ಕಾರಣ, ಎಷ್ಟು ಗ್ರೀಸ್ ಹಾಕಿದ್ರೂ ಹೋಗಲ್ಲ, ಕೇಬಲ್ ಬದಲಾಯಿಸಿ. ಕೇಬಲ್ ದುಬಾರಿ ಏನಲ್ಲ, ಒಂದೆರಡು ಲೀಟರ್ ಪೆಟ್ರೋಲ್ ದುಡ್ಡಲ್ಲಿ ಬರುತ್ತೆ.

ಕೇಬಲ್ ತರೋವಾಗ ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ. ಬಿ.ಎಚ್. ರೋಡಲ್ಲಿ ಅಂಗಡಿಯವ್ರಿಗೆ ಗಾಡಿ ಹೆಸ್ರು ಮಾತ್ರ ಹೇಳಿದ್ರೆ ಸಾಲಲ್ಲ, ಒಂದೇ ಹೆಸರಿನ ಗಾಡೀಲಿ ಡ್ರಮ್ ಬ್ರೇಕಿಗೆ ಒಂದು ಅಳತೆ, ಡಿಸ್ಕಿಗೆ ಇನ್ನೊಂದು, ವರ್ಷ ಬದಲಾದ್ರೆ ಮತ್ತೊಂದು ಇರುತ್ತೆ. ಪಕ್ಕಪಕ್ಕ ಇಟ್ಟು ಔಟರ್ (ಹೊರಗಿನ ಕವರ್) ಉದ್ದ, ಇನ್ನರ್ ಎಷ್ಟು ಹೊರಗೆ ಬಂದಿದೆ, ನಟ್ ಸೈಜು, ತುದಿ ಚೌಕಾನೋ ಚಪ್ಪಟೆನೋ ಎಲ್ಲಾ ನೋಡಿ. ಇನ್ನರ್ ಒಂದು ಸ್ವಲ್ಪ ಉದ್ದ ಆದ್ರೂ ಮೀಟರ್ ಸ್ಪಿಂಡಲ್ಲನ್ನ ಕೆಳಗಿಂದ ಒತ್ತಿ ಹಿಡಿಯುತ್ತೆ, ಆಗ ಕಿರ್ರ್ ಅಂತ ಸೌಂಡ್ ಬಂದು ಸ್ವಲ್ಪ ದಿನದಲ್ಲೇ ಬುಷ್ ತಿಂದುಹಾಕುತ್ತೆ. ಗಿಡ್ಡ ಆದ್ರೆ ಹ್ಯಾಂಡಲ್ ತಿರುಗಿಸಿದಾಗ ಗೇರಿಂದ ಕಳಚ್ಕೊಳ್ಳುತ್ತೆ. ಬುಲೆಟ್ಟಿಗೆ ಎತ್ತರದ ಹ್ಯಾಂಡಲ್ ಹಾಕ್ಸಿರೋ ಹುಡುಗರು ಕಂಪನಿ ಅಳತೆಯ ಕೇಬಲ್ಲನ್ನೇ ಎಳೆದು ಕೂರಿಸೋಕೆ ಹೋಗ್ಬೇಡಿ, ಉದ್ದದ್ದೇ ಬೇಕು.

ಆದ್ರೆ ಹೊಸ ಕೇಬಲ್ ಹಾಕೋಕೆ ಮುಂಚೆ ಒಂದು ಕೆಲಸ ಇದೆ, ಅದನ್ನ ಮೆಕ್ಯಾನಿಕ್ಕುಗಳೂ ಮರೀತಾರೆ. ಹಳೇ ಕೇಬಲ್ ಯಾಕೆ ತುಂಡಾಯ್ತು ಅಂತ ನೋಡ್ಬೇಕು. ವಯಸ್ಸಾಗಿ ತುಕ್ಕು ಹಿಡಿದು ಹೋಗಿದ್ರೆ ಸರಿ. ಆದ್ರೆ ಮೀಟರ್ ಸ್ಪಿಂಡಲ್ ಜಾಮ್ ಆಗಿದ್ರೆ ಹೊಸ ಕೇಬಲ್ಲೂ ವಾರದಲ್ಲಿ ತುಂಡಾಗುತ್ತೆ, ಆಮೇಲೆ "ಡೂಪ್ಲಿಕೇಟ್ ಕೇಬಲ್ ಕೊಟ್ಟ" ಅಂತ ಅಂಗಡಿಯವನಿಗೆ ಬೈಯ್ಯೋದು. ಹಳೇ ಇನ್ನರ್‌ನ ಚೆನ್ನಾಗಿರೋ ತುದೀನ ಗೇಣುದ್ದ ಕಟ್ ಮಾಡಿ ಇಟ್ಕೊಳ್ಳಿ, ಅದನ್ನ ಮೀಟರ್ ತೂತಿಗೆ ತೂರಿಸಿ ಬೆರಳಲ್ಲಿ ತಿರುಗಿಸಿ. ನುಣ್ಣಗೆ ತಿರುಗಬೇಕು. ಝರ್ ಅಂತ ತಿರುಗಿಸಿದ್ರೆ ಮುಳ್ಳು ಸ್ವಲ್ಪ ಎಗರಿ ವಾಪಸ್ ಕೂರಬೇಕು. ಬಿಗಿ ಇದ್ರೆ ಅಥವಾ ಕರಕರ ಅಂದ್ರೆ ಸ್ಪಿಂಡಲ್ ಬುಡಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಒಂದು ಹನಿ, ಸೂಜಿ ತುದೀಲಿ ಬಿಡಿ, ತಿರುಗಿಸ್ತಾ ತಿರುಗಿಸ್ತಾ ಬಿಡಿ. ಸ್ಪ್ರೇ ಡಬ್ಬ ಹಿಡ್ದು ಕೆಳಗಿಂದ ಪಿಚಕಾರಿ ಹೊಡೀಬೇಡಿ, ಆ ಎಣ್ಣೆ ಬಟ್ಟಲೊಳಗೆ ಹೋದ್ರೆ ನಿಂತ ಮುಳ್ಳು ನಾಳೆಯಿಂದ ಕೊನೇ ನಂಬರಲ್ಲೇ ನಿಂತಿರುತ್ತೆ, ಗಾಜಿನ ಒಳಗಡೆನೂ ಮಸುಕಾಗುತ್ತೆ.

ಬ್ಯಾಟರಿ ಡ್ರಿಲ್ ಇರೋರಿಗೆ ಇನ್ನೂ ಒಳ್ಳೇ ಟೆಸ್ಟ್ ಇದೆ. ಆ ಕಟ್ ಮಾಡಿದ ತುಂಡನ್ನ ಡ್ರಿಲ್ ಬಾಯಿಗೆ ಕಚ್ಚಿಸಿ ಮೀಟರ್‌ಗೆ ಕೊಡಿ. ಯಾವ ದಿಕ್ಕಿಗೆ ತಿರುಗಬೇಕು ಅಂತ ಮೊದಲೇ ಚಕ್ರ ಮುಂದಕ್ಕೆ ತಿರುಗಿಸಿದಾಗ ಇನ್ನರ್ ತುದಿ ತಿರುಗಿದ್ದನ್ನ ನೋಡಿಟ್ಕೊಂಡಿರಿ, ಇನ್ನರ್ ತುಂಡಾಗಿದ್ರೆ ಡ್ರಿಲ್ಲನ್ನ ಅತಿ ನಿಧಾನಕ್ಕೆ ಬಿಟ್ಟು ಮುಳ್ಳು ಯಾವ ದಿಕ್ಕಿಗೆ ಏಳುತ್ತೆ ನೋಡಿ, ಉಲ್ಟಾ ತಿರುಗಿಸಿದ್ರೆ ಮುಳ್ಳು ಸೊನ್ನೆ ಹತ್ರ ಇರೋ ಪಿನ್ನಿಗೆ ಒತ್ಕೊಂಡು ನಿಲ್ಲುತ್ತೆ. 1400 ಅಂತ ಬರ್ದಿರೋ ಮೀಟರ್ ಆದ್ರೆ ಡ್ರಿಲ್ ನಿಮಿಷಕ್ಕೆ 1400 ಸುತ್ತು ತಿರುಗಿದಾಗ ಮುಳ್ಳು 60ರ ಆಸುಪಾಸು ಬರಬೇಕು, ಯಾಕಂದ್ರೆ 60ರ ಸ್ಪೀಡಲ್ಲಿ ಒಂದು ನಿಮಿಷಕ್ಕೆ ಒಂದು ಕಿಲೋಮೀಟರ್. ಇಲ್ಲಿ ಮುಳ್ಳು ಚೆನ್ನಾಗಿ ಎದ್ದರೆ ಮೀಟರ್ ಆರೋಗ್ಯವಾಗಿದೆ, ಯಾರು ಏನೇ ಹೇಳಲಿ ಹೊಸದು ತಗೋಬೇಡಿ.

ಗ್ರೀಸ್ ಹಚ್ಚೋದ್ರಲ್ಲೂ ಒಂದು ಲೆಕ್ಕ ಇದೆ. ಹಳೇ ಇನ್ನರ್ ಒಳ್ಳೇದಿದ್ರೆ ಡೀಸೆಲ್ಲಲ್ಲಿ ತೊಳ್ದು ಒರೆಸಿ, ಬೆರಳಿಗೆ ಗ್ರೀಸ್ ತಗೊಂಡು ತೆಳ್ಳಗೆ ಸವರಿ ಒಳಗೆ ತಳ್ಳಿ, ಆದ್ರೆ ಮೀಟರ್ ಕಡೆಯ ಕೊನೇ ಆರು ಇಂಚಿಗೆ ಗ್ರೀಸ್ ಬೇಡ. ಇನ್ನರ್ ಅಂದ್ರೆ ಸುತ್ತಿಸಿದ ತಂತಿ ತಾನೇ, ತಿರುಗ್ತಾ ತಿರುಗ್ತಾ ಗ್ರೀಸನ್ನ ಮೇಲಕ್ಕೆ ಹತ್ತಿಸ್ಕೊಂಡು ಹೋಗಿ ಮೀಟರ್‌ಗೆ ತುಂಬುತ್ತೆ. ಜಾಸ್ತಿ ಹಾಕಿದ್ರೆ ಜಾಸ್ತಿ ದಿನ ಬರುತ್ತೆ ಅನ್ನೋ ಲೆಕ್ಕ ಇಲ್ಲಿ ನಡಿಯಲ್ಲ.

ಕೇಬಲ್ ಹೋಗೋ ದಾರಿ ಕೂಡ ನೋಡಿ. ಫೋರ್ಕ್ ಹತ್ರ ಅಥವಾ ಮಡ್‌ಗಾರ್ಡ್ ಹತ್ರ ಒಂದು ಕಂಬಿ ಕೊಂಡಿ ಇರುತ್ತೆ, ಕೇಬಲ್ ಅದರೊಳಗಿಂದಲೇ ಹೋಗ್ಬೇಕು. ಅದು ತಪ್ಪಿದ್ರೆ ಟೈರಿಗೆ ಉಜ್ಜುತ್ತೆ ಇಲ್ಲಾ ಹ್ಯಾಂಡಲ್ ಸಂದಿಗೆ ಸಿಕ್ಕಾಕೊಳ್ಳುತ್ತೆ. ಹ್ಯಾಂಡಲ್ಲನ್ನ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ, ಎಲ್ಲೂ ಎಳೀಬಾರ್ದು, ಎಲ್ಲೂ ಚೂಪಾಗಿ ಮಡಚಬಾರ್ದು. ಹೆಡ್‌ಲೈಟ್ ವೈರಿಂಗ್ ಜೊತೆ ಟೈಟಾಗಿ ಟ್ಯಾಗ್ ಹಾಕಿ ಕಟ್ಟಿರ್ತಾರೆ ಕೆಲವರು, ಕಟ್ ಮಾಡಿ ಬಿಸಾಕಿ.

ಹಳ್ಳಿ ಕಡೆಯವ್ರಿಗೆ ಇನ್ನೊಂದು ಮಾತು. ಕೊರಟಗೆರೆ, ಮಧುಗಿರಿ, ಹೆಬ್ಬೂರು ಎಲ್ಲಾ ಕಡೆ ಸುಗ್ಗಿ ಟೈಮಲ್ಲಿ ರೋಡ್ ಮೇಲೇ ರಾಗಿ ಹುರುಳಿ ಹರಡಿರ್ತಾರೆ, ಗಾಡಿಗಳು ಹತ್ತಿ ಒಕ್ಕಣೆ ಆಗ್ಲಿ ಅಂತ. ಅದರ ಮೇಲೆ ಓಡಿಸಿದ್ರೆ ಹುರುಳಿ ಬಳ್ಳಿ ಮುಂದಿನ ಹಬ್ಬಿಗೆ ಸುತ್ಕೊಳ್ಳುತ್ತೆ, ಚಕ್ರ ತಿರುಗಿದಂಗೆ ಬಿಗಿ ಆಗ್ತಾ ಹೋಗಿ ಕೇಬಲ್ಲನ್ನ ಬುಡದಿಂದ ಎಳೆದು ಔಟರ್ ಕಿತ್ತುಹಾಕುತ್ತೆ, ಇಲ್ಲಾ ಹಬ್ ಸಂದೀಲಿ ಸೇರ್ಕೊಂಡು ಆಯಿಲ್ ಸೀಲ್ ತಿನ್ನುತ್ತೆ. ಗಾಡಿ ಜಾರೋ ಭಯ ಒಂದು ಕಡೆ ಇದ್ದೇ ಇದೆ, ಬ್ರೇಕಿಗೂ ಸಿಕ್ಕಾಕೊಳ್ಳುತ್ತೆ. ದಾಟಿದ ಮೇಲೆ ಗಾಡಿ ನಿಲ್ಸಿ ಹಬ್ ನೋಡಿ, ಸುತ್ಕೊಂಡಿದ್ರೆ ಆಗಲೇ ಬ್ಲೇಡಲ್ಲಿ ಕುಯ್ದು ತೆಗೀರಿ, ಎಳೀಬೇಡಿ.

ಕೇಬಲ್ ಎರಡೂ ತುದಿ ಚೆನ್ನಾಗಿದೆ, ಆದ್ರೂ ತಿರುಗ್ತಿಲ್ಲ ಅಂದ್ರೆ ಚಕ್ರ ಬಿಚ್ಚೋದೇ. ಇಲ್ಲಿ ಮೊದಲ ಪ್ರಶ್ನೆ, ಇತ್ತೀಚೆಗೆ ಮುಂದಿನ ಚಕ್ರ ಪಂಚರ್ ಆಗಿತ್ತಾ? ಪಂಚರ್ ಹಾಕಿಸ್ಕೊಂಡು ಬಂದ ದಿನದಿಂದ ಮೀಟರ್ ನಿಂತಿದ್ರೆ ಹುಡುಕೋದು ಬೇಡ, ಉತ್ತರ ಅಲ್ಲೇ ಇದೆ. ಗೇರ್ ಜೊತೆ ಒಂದು ತಗಡಿನ ರಿಂಗ್ ಇರುತ್ತೆ, ಅದಕ್ಕೆ ಎರಡು ಕಿವಿ, ಆ ಕಿವಿಗಳು ಹಬ್ಬಲ್ಲಿರೋ ಎರಡು ಖಾಚಿಗೆ, ಅಂದ್ರೆ ಸಣ್ಣ ಸೀಳಿಗೆ, ಕೂತ್ರೆ ಮಾತ್ರ ಚಕ್ರ ಗೇರನ್ನ ತಿರುಗಿಸೋದು. ಸಂಜೆ ರಶ್ಶಲ್ಲಿ ಪಂಚರ್ ಅಂಗಡಿಯವ್ರು ಖಾಚಿ ನೋಡ್ದೇ ಚಕ್ರ ತಳ್ಳಿ ಎಕ್ಸೆಲ್ ಟೈಟ್ ಮಾಡ್ಬಿಟ್ರೆ ಕಿವಿ ಮಡಚ್ಕೊಳ್ಳುತ್ತೆ ಇಲ್ಲಾ ಮುರಿಯುತ್ತೆ. ಮಡಚಿದ್ರೆ ಪ್ಲೇಯರಲ್ಲಿ ನೇರ ಮಾಡಿ ಹಾಕ್ಬೋದು, ಮುರಿದಿದ್ರೆ ರಿಂಗ್ ಹೊಸದು ತರ್ಬೇಕು, ಅದೂ ಕಡಿಮೆ ದುಡ್ಡಿಂದೇ.

ಚಕ್ರ ಬಿಚ್ಚೋವಾಗ ಬ್ರೇಕ್ ಕೇಬಲ್, ಮೀಟರ್ ಕೇಬಲ್ ಮೊದ್ಲು ಕಳಚಿ, ಆಮೇಲೆ ಎಕ್ಸೆಲ್. ಸ್ಪೇಸರ್ರು ವಾಷರ್ರು ಯಾವ ಕಡೆಯಿಂದ ಬಂತು ಅಂತ ಫೋಟೋ ತಗೊಳ್ಳಿ. ಡ್ರಮ್ ಬ್ರೇಕ್ ಗಾಡೀಲಿ ಈ ಗೇರ್ ಬ್ರೇಕ್ ಪ್ಲೇಟ್ ಒಳಗೇ ಇರುತ್ತೆ, ಪಕ್ಕದಲ್ಲೇ ಬ್ರೇಕ್ ಲೈನರ್. ಒಳಗಿನ ಧೂಳನ್ನ ಬಾಯಲ್ಲಿ ಊದೋದು, ಏರ್ ಹೊಡಿಯೋದು ಮಾಡ್ಬೇಡಿ, ಹಳೇ ಲೈನರ್ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಒದ್ದೆ ಬಟ್ಟೇಲಿ ಒರೆಸಿ. ಗೇರಿನ ಹಳೇ ಗ್ರೀಸ್ ಕೆಂಪು ಮಣ್ಣು ಸೇರಿ ಇಟ್ಟಿಗೆ ತರ ಗಟ್ಟಿಯಾಗಿರುತ್ತೆ, ಅದನ್ನ ಕಡ್ಡೀಲಿ ಕೆರೆದು ಸೀಮೆಎಣ್ಣೇಲಿ ತೊಳೆದ್ರೆ ಹಲ್ಲು ಕಾಣುತ್ತೆ. ದೊಡ್ಡ ಗೇರ್ ಹಲ್ಲು ಒಂದು ಕಡೆ ಚಾಕು ಬಾಯಿ ತರ ತೆಳ್ಳಗಾಗಿದ್ರೆ ಅಥವಾ ಒಂದೆರಡು ಹಾರಿದ್ರೆ ಬದಲಾಯಿಸಿ, ಜೊತೆಗಿರೋ ಚಿಕ್ಕ ಪಿನಿಯನ್ನೂ ಸೇರಿಸಿ ಸೆಟ್ ಹಾಕಿದ್ರೆ ಒಳ್ಳೇದು, ಸವೆದ ಹಳೇ ಹಲ್ಲು ಹೊಸದನ್ನೂ ತಿನ್ನುತ್ತೆ. ಹೊಸ ಗ್ರೀಸ್ ಹಲ್ಲಿಗೆ ತಗಲುವಷ್ಟು ಸಾಕು. ಜಾಸ್ತಿ ಆದ್ರೆ ಬಿಸಿಗೆ ಕರಗಿ ಲೈನರ್ ಮೇಲೆ ಇಳಿಯುತ್ತೆ, ಆಗ ಬ್ರೇಕ್ ಹಿಡಿಯಲ್ಲ, ಮೀಟರ್ ಸರಿ ಮಾಡೋಕೆ ಹೋಗಿ ಬ್ರೇಕ್ ಕಳ್ಕೊಂಡಂಗಾಗುತ್ತೆ. ಹಬ್ ಆಯಿಲ್ ಸೀಲ್ ಹರಿದಿದ್ರೆ ಇದೇ ಟೈಮಲ್ಲಿ ಹಾಕ್ಸಿ, ವಾಟರ್ ಸರ್ವಿಸಲ್ಲಿ ಪ್ರೆಶರ್ ನೀರು ನೇರವಾಗಿ ಹಬ್ಬಿಗೆ ಹೊಡಿಯೋದ್ರಿಂದಾನೇ ಇದು ಹಾಳಾಗೋದು ಜಾಸ್ತಿ.

ವಾಪಸ್ ಹಾಕೋವಾಗ ಬ್ರೇಕ್ ಪ್ಲೇಟನ್ನ ಡ್ರಮ್ಮಲ್ಲಿ ಕೂರಿಸಿ ಚಕ್ರಾನ ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಕಿವಿ ಖಾಚಿಗೆ ಬಿದ್ದಾಗ ಪ್ಲೇಟ್ ಒಂದು ಸ್ವಲ್ಪ ಒಳಗೆ ಇಳಿಯೋದು ಕೈಗೆ ಗೊತ್ತಾಗುತ್ತೆ. ಆಮೇಲೆ ಇನ್ನೊಂದು, ಇದು ಮೀಟರಿಗಿಂತ ದೊಡ್ಡ ವಿಷಯ, ಬ್ರೇಕ್ ಪ್ಲೇಟಲ್ಲಿರೋ ಖಾಚಿ ಫೋರ್ಕಿನ ಉಬ್ಬಿಗೆ ಸರಿಯಾಗಿ ಕೂತಿರಲೇಬೇಕು. ಅದು ತಪ್ಪಿದ್ರೆ ಬ್ರೇಕ್ ಹಿಡಿದಾಗ ಪ್ಲೇಟೇ ಚಕ್ರದ ಜೊತೆ ತಿರುಗಿ ಕೇಬಲ್ ಕಿತ್ತು ಚಕ್ರ ಲಾಕ್ ಆಗುತ್ತೆ. ಎಕ್ಸೆಲ್ ಟೈಟ್ ಮಾಡಿ, ಸ್ಪ್ಲಿಟ್ ಪಿನ್ ಇರೋ ಗಾಡಿಗೆ ಹೊಸ ಪಿನ್ ಹಾಕಿ, ಬ್ರೇಕ್ ಅಡ್ಜಸ್ಟ್ ಮಾಡಿ, ಮನೆ ಮುಂದೇನೇ ನಡ್ಕೊಂಡು ತಳ್ಳಿ ಬ್ರೇಕ್ ಹಿಡಿದು ನೋಡಿ, ಆಮೇಲೆ ಹತ್ತಿ. ಧೈರ್ಯ ಇಲ್ಲಾಂದ್ರೆ ಈ ಒಂದು ಭಾಗ ಮೆಕ್ಯಾನಿಕ್ಕಿಗೆ ಬಿಡಿ, ಆದ್ರೆ ಪಕ್ಕದಲ್ಲೇ ನಿಂತಿರಿ.

ಇಷ್ಟೆಲ್ಲಾ ಸರಿ ಇದ್ದು ಮೀಟರ್ರೇ ಕೆಟ್ಟಿದೆ ಅಂತ ಗ್ಯಾರಂಟಿ ಆದ್ರೆ ಆಗ ಬಿಚ್ಚೋ ಮಾತು. ಹಿಂದೆ ಸ್ಕ್ರೂ ಇರೋ ಪ್ಲಾಸ್ಟಿಕ್ ಮೀಟರ್ ಮನೇಲೇ ಬಿಚ್ಬೋದು, ಸ್ಟೀಲ್ ರಿಂಗ್ ಮಡಚಿ ಮುಚ್ಚಿರೋ ಹಳೇ ಕಾಲದ್ದು ಮಾತ್ರ ಮೀಟರ್ ರಿಪೇರಿ ಮಾಡೋರಿಗೇ ಕೊಡಿ, ರಿಂಗ್ ಒಂದು ಸಲ ಸೊಟ್ಟ ಆದ್ರೆ ಮಳೆ ನೀರು ಒಳಗೆ ಹೋಗೋದು ನಿಲ್ಲಲ್ಲ. ಮುಳ್ಳು ಕೀಳೋಕೆ ಮುಂಚೆ ಒಂದು ಕೆಲಸ ಮಾಡಿ, ಸೊನ್ನೆ ಹತ್ರ ಇರೋ ಪಿನ್ನಿನ ಮೇಲಿಂದ ಮುಳ್ಳನ್ನ ಮೆಲ್ಲಗೆ ಎತ್ತಿ ಆಚೆ ಬಿಡಿ, ಅದು ತಾನಾಗೇ ಎಲ್ಲಿ ಹೋಗಿ ನಿಲ್ಲುತ್ತೋ ಅಲ್ಲಿ ಡಯಲ್ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ. ವಾಪಸ್ ಹಾಕೋವಾಗ ಅದೇ ಗುರುತಿಗೆ ಒತ್ತಿ ಆಮೇಲೆ ಪಿನ್ನಿನ ಈಚೆ ತಂದ್ರೆ ಸ್ಪ್ರಿಂಗ್ ಬಿಗಿ ಮೊದಲಿನಷ್ಟೇ ಇರುತ್ತೆ. ಸುಮ್ನೆ ಸೊನ್ನೆಗೆ ಒತ್ತಿ ಕೂರಿಸಿದ್ರೆ ಆಮೇಲಿಂದ ಎಲ್ಲಾ ಸ್ಪೀಡೂ ಜಾಸ್ತಿನೇ ತೋರ್ಸುತ್ತೆ. ಮುಳ್ಳು ಕಡ್ಡಿ ಮೇಲೆ ಲೂಸ್ ಆಗಿದ್ರೆ ಒತ್ತಿ ಕೂರಿಸಿದ್ರೆ ಸಾಕು. ಬಟ್ಟಲಲ್ಲಿ ಗ್ರೀಸ್ ಇದ್ರೆ ಹತ್ತಿ ಕಡ್ಡೀಲಿ ಒರೆಸಿ, ಸ್ಪ್ರಿಂಗ್ ಮುಟ್ಟಬೇಡಿ. ಸ್ಪ್ರಿಂಗೇ ತುಂಡಾಗಿದ್ರೆ, ಅಥವಾ ಕಿಲೋಮೀಟರ್ ಗೇರ್ ಬಿರುಕು ಬಿಟ್ಟಿದ್ರೆ, ಮಾಮೂಲಿ ಗಾಡಿಗೆ ಹೊಸ ಮೀಟರ್ ಹಾಕೋದೇ ಲಾಭ. ಆರ್‌ಎಕ್ಸ್, ಹಳೇ ಬುಲೆಟ್ ಇಟ್ಕೊಂಡಿರೋರು ಒರಿಜಿನಲ್ ಮೀಟರ್ ಬಿಡೋಕೆ ಮನಸ್ಸು ಮಾಡಲ್ಲ, ಅದು ನ್ಯಾಯಾನೇ, ಬೆಂಗಳೂರಿನ ಜೆ.ಸಿ. ರೋಡ್ ಕಡೆ ಹೋಗಿ ವಿಚಾರಿಸಬೇಕಾಗುತ್ತೆ.

ಡಿಜಿಟಲ್ ಮೀಟರ್ ಗಾಡಿಗಳಲ್ಲಿ ಕೇಬಲ್ ಬದಲು ಸೆನ್ಸರ್ ಇರುತ್ತೆ, ಅದರ ವೈರ್ ಕಪ್ಲರ್‌ನ ಬಿಚ್ಚಿ ಕ್ಲೀನ್ ಮಾಡಿ, ವೈರ್ ಎಲ್ಲಾದ್ರೂ ಉಜ್ಜಿ ತುಂಡಾಗಿದ್ಯಾ ನೋಡಿ, ಅಷ್ಟರ ಮೇಲೆ ಸರ್ವಿಸ್ ಸೆಂಟರ್ ದಾರಿ.

ರಿಪೇರಿ ಆದ್ಮೇಲೆ ಸರಿಯಾಗಿ ತೋರ್ಸುತ್ತಾ ಅಂತ ಚೆಕ್ ಮಾಡೋಕೆ ಹೈವೇ ಕಿಲೋಮೀಟರ್ ಕಲ್ಲುಗಳೇ ಸಾಕು. ಬೆಳಿಗ್ಗೆ ಟ್ರಾಫಿಕ್ ಕಡಿಮೆ ಇರೋವಾಗ ಕ್ಯಾತ್ಸಂದ್ರ ದಾಟಿ ಅಥವಾ ಶಿರಾ ರೋಡ್ ಕಡೆ ಹೋಗಿ, ಮುಳ್ಳು 60ಕ್ಕೆ ಹಿಡಿದಿಡಿ, ಹಿಂದೆ ಕೂತವ್ರು ಒಂದು ಕಲ್ಲಿಂದ ಇನ್ನೊಂದು ಕಲ್ಲಿಗೆ ಫೋನಲ್ಲಿ ಟೈಮ್ ನೋಡ್ಲಿ. 60 ಸೆಕೆಂಡ್ ಆದ್ರೆ ಮೀಟರ್ ನಿಖರ, 40ರಲ್ಲಿ ಹೋದ್ರೆ 90 ಸೆಕೆಂಡ್ ಆಗ್ಬೇಕು. ಅರವತ್ತಕ್ಕೆ ಅರವತ್ನಾಲ್ಕು ಅರವತ್ತೈದು ಸೆಕೆಂಡ್ ಬಂದ್ರೂ ತಲೆ ಕೆಡಿಸ್ಕೋಬೇಡಿ, ಕಂಪನಿಯವ್ರು ಬೇಕಂತಲೇ ಮುಳ್ಳು ಸ್ವಲ್ಪ ಜಾಸ್ತಿ ತೋರ್ಸೋ ಹಂಗೆ ಮಾಡಿರ್ತಾರೆ. ಐವತ್ತು ಸೆಕೆಂಡಿಗೇ ಕಲ್ಲು ಬಂತು ಅಂದ್ರೆ ಮೀಟರ್ ಕಡಿಮೆ ತೋರ್ಸ್ತಿದೆ, ಅದು ಡೇಂಜರ್. ಫೋನ್ ಜಿಪಿಎಸ್ ಕೂಡ ಬಯಲು ರೋಡಲ್ಲಿ ಚೆನ್ನಾಗೇ ಹೇಳುತ್ತೆ, ಆದ್ರೆ ಓಡಿಸೋರು ಫೋನ್ ನೋಡ್ಬೇಡಿ.

ಹತ್ತು ಕಲ್ಲು ಹೋಗಿ ಕಿಲೋಮೀಟರ್ ನಂಬರೂ ನೋಡಿ. ನಂಬರ್ ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ರೆ ಮೀಟರ್ ಒಳಗಿನ ಸ್ಪ್ರಿಂಗ್ ಅಥವಾ ಮುಳ್ಳು ಕೂರಿಸಿದ್ದು ತಪ್ಪು. ಹತ್ತಕ್ಕೆ ಒಂಬತ್ತು ತೋರ್ಸಿ, ಮುಳ್ಳೂ ಅದೇ ಲೆಕ್ಕದಲ್ಲಿ ಕಡಿಮೆ ಇದ್ರೆ ಬೇರೆ ಗಾಡಿಯ ಪಿನಿಯನ್ ಬಿದ್ದಿದೆ. ಟೈರ್ ಮೇಲೆ ಹಾಕ್ಬೇಡಿ ಆ ತಪ್ಪನ್ನ, 2.75 ಬದಲು 3.00 ಟೈರ್ ಹಾಕಿದ್ರೂ ವ್ಯತ್ಯಾಸ ಎರಡು ಪರ್ಸೆಂಟ್ ಆಸುಪಾಸು ಅಷ್ಟೇ.

"ಮೀಟರ್ ಇಲ್ದೇನೂ ಸ್ಪೀಡ್ ಗೊತ್ತಾಗುತ್ತೆ" ಅನ್ನೋರಿಗೆ: ಗಾಡೀಲಿ ಸ್ಪೀಡೋಮೀಟರ್ ಇರ್ಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 1989ರ 117ನೇ ನಿಯಮದಲ್ಲೇ ಇದೆ. ಕೇಂದ್ರದ 2018ರ ಅಧಿಸೂಚನೆ ಪ್ರಕಾರ ಬೈಕಿಗೆ ನಾಲ್ಕು ಲೇನಿನ ಡಿವೈಡರ್ ಹೈವೇಲಿ 80, ಊರೊಳಗೆ 60 ಗರಿಷ್ಠ, ಬೋರ್ಡಲ್ಲಿ ಅದಕ್ಕಿಂತ ಕಡಿಮೆ ಹಾಕಿದ್ರೆ ಅದೇ ಲೆಕ್ಕ. ಹದಿನೈದು ವರ್ಷ ತುಂಬಿದ ಗಾಡಿಗೆ ಆರ್‌ಸಿ ರಿನ್ಯೂ ಮಾಡಿಸೋಕೆ ಫಾರಂ 25 ಹಾಕಿ ಗಾಡಿ ತೋರಿಸೋಕೆ ಹೋಗ್ಬೇಕಲ್ಲ, ತುಮಕೂರಿನ ಕೆಎ 06 ಇರ್ಲಿ, ತಿಪಟೂರಿನ 44, ಮಧುಗಿರಿಯ 64 ಇರ್ಲಿ, ಅಲ್ಲಿ ಲೈಟು ಹಾರ್ನ್ ಬ್ರೇಕ್ ಜೊತೆ ಮೀಟರ್ರೂ ನೆಟ್ಟಗಿದ್ರೆ ಮತ್ತೆ ಓಡಾಡೋದು ತಪ್ಪುತ್ತೆ. ಎಕ್ಸ್‌ಪೈರಿ ಹತ್ರ ಬಂದಿದ್ರೆ ಮೊದ್ಲೇ ರೆಡಿ ಮಾಡಿಟ್ಕೊಳ್ಳಿ.

ಹೊಸ ಮೀಟರ್ ಹಾಕ್ಸಿದ್ರೆ ಅದು ಸೊನ್ನೆಯಿಂದ ಶುರುವಾಗುತ್ತೆ, ಹಳೇ ಮೀಟರ್ ಎಷ್ಟರಲ್ಲಿ ನಿಂತಿತ್ತು, ಯಾವ ತಾರೀಖಿಗೆ ಬದಲಾಯಿಸಿದ್ದು ಅಂತ ಸರ್ವಿಸ್ ಬುಕ್ಕಲ್ಲೋ ಆರ್‌ಸಿ ಕವರಲ್ಲೋ ಒಂದು ಚೀಟಿ ಬರೆದಿಡಿ, ಆಯಿಲ್ ಬದಲಾಯಿಸೋ ಲೆಕ್ಕಕ್ಕೂ ಬೇಕು, ಗಾಡಿ ಮಾರೋವಾಗ ತಗೊಳ್ಳೋರಿಗೆ ಹೇಳೋಕೂ ಬೇಕು. ಹಾಗೇ ಹಳೇ ಗಾಡಿ ತಗೊಳ್ಳೋರು ಮೀಟರಲ್ಲಿ ಮೂವತ್ತೆರಡು ಸಾವಿರ ಕಂಡು ಖುಷಿ ಪಡ್ಬೇಡಿ, ಐದು ನಂಬರಿನ ಮೀಟರ್ 99999 ಆದ್ಮೇಲೆ ಮತ್ತೆ ಸೊನ್ನೆಗೆ ಬರುತ್ತೆ, ಅದು ಒಂದು ಲಕ್ಷದ ಮೂವತ್ತೆರಡು ಸಾವಿರ ಇರ್ಬೋದು, ಕಿಕ್ ರಾಡು ಫುಟ್‌ರೆಸ್ಟ್ ರಬ್ಬರ್ ಸವೆತ ನೋಡಿ ಅಂದಾಜು ಮಾಡಿ. ತೆಗೆದ ಹಳೇ ಮೀಟರ್‌ನ ಗುಜರಿಗೆ ಹಾಕ್ಬೇಡಿ, ಗಾಜು, ಬಲ್ಬ್ ಹೋಲ್ಡರ್, ಕೆಳಗಿನ ರಬ್ಬರ್ ಬುಷ್ ಎಲ್ಲಾ ಯಾವಾಗಾದ್ರೂ ಕೆಲಸಕ್ಕೆ ಬರುತ್ತೆ, ಹಳೇ ಮಾಡೆಲ್ಲಿಗೆ ಬಿಡಿಭಾಗ ಹುಡುಕೋದು ವರ್ಷ ವರ್ಷ ಕಷ್ಟ ಆಗ್ತಾ ಇದೆ.